ಬಾಣಂತಿಗೊಂದು ಹಾಸಿಗೆ, ಪಕ್ಕದಲ್ಲೊಂದು ತೊಟ್ಟಿಲು

ಎಲ್‌ಎಲ್‌ಬಿ ಎರಡನೇ ವರ್ಷದ ತರಗತಿ. ಮಧ್ಯಾಹ್ನದ ಊಟ ಮುಗಿಸಿ ಬಂದು ತೂಕಡಿಸುತ್ತಿದ್ದ ನಮಗೆ ಮೇಷ್ಟ್ರು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ–2017 ಪಾಠ ಮಾಡುತ್ತಿದ್ದರು. ಸೆಕ್ಷನ್ 21ರ ಎರಡನೇ ಉಪವಿಭಾಗಕ್ಕೆ ಬಂದಾಗ ನನ್ನ ನಿದ್ದೆ ಹಾರಿಹೋಯಿತು. ಮಾನಸಿಕ ಕಾಯಿಲೆಗೆಂದು ಆಸ್ಪತ್ರೆ ಸೇರಿದ ತಾಯಿಗೆ ಮೂರು ವರ್ಷದೊಳಗಿನ ಮಗುವಿದ್ದರೆ, ಸಾಮಾನ್ಯವಾಗಿ ಆ ಮಗುವನ್ನು ಆಕೆಯಿಂದ ಬೇರ್ಪಡಿಸುವಂತಿಲ್ಲ ಎನ್ನುತ್ತದೆ ಅದು. ಮೇಷ್ಟ್ರು ಓದಿ, ‘ಪರೀಕ್ಷೆಗೆ ಅಷ್ಟೇನೂ ಮುಖ್ಯವಲ್ಲ’ ಅಂತ ಮುಂದಿನ ಸೆಕ್ಷನ್‌ಗೆ ಹೋದರು. ನಾನು ಮಾತ್ರ ಅಲ್ಲೇ ಉಳಿದೆ. ಯಾಕೆಂದರೆ ಅದಕ್ಕೆ ಎರಡು ವರ್ಷ ಮುಂಚೆ ನನ್ನ ಅಕ್ಕ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಅವಳ ಹನ್ನೊಂದು ದಿನದ ಮಗಳು ನಮ್ಮ ಮನೆಯಲ್ಲಿದ್ದಳು. ಆಗ ಈ ಕಾಯ್ದೆ ಜಾರಿಯಾಗಿ ನಾಲ್ಕು ವರ್ಷ ಆಗಿತ್ತು.

ಅಕ್ಕನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ‘ಬರಿ, ಆದ್ರೆ ಹೆಸರು ಹಾಕಬೇಡ’ ಅಂದಳು.

2022ರ ಆಷಾಢದಲ್ಲಿ ಸಿಸೇರಿಯನ್ ಆಗಿ ಅಕ್ಕ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ನಮ್ಮದು ಬೆಂಗಳೂರಿನಿಂದ ಬಸ್ಸಿನಲ್ಲಿ ಏಳು ಗಂಟೆ ದೂರದ ಊರು. ಬಾಣಂತಿ ಕೋಣೆ, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ತಲೆಗೆ ಬಿಗಿದ ಬಟ್ಟೆ ಎಲ್ಲವೂ ಶಾಸ್ತ್ರೋಕ್ತವಾಗಿ ನಡೆಯುತ್ತಿದ್ದವು. ಐದನೇ ದಿನದಿಂದ ಅವಳಿಗೆ ನಿದ್ದೆ ಬರಲಿಲ್ಲ. ಮಗು ಮಲಗಿದರೂ ಇವಳು ಮಲಗುತ್ತಿರಲಿಲ್ಲ. ‘ನನಗೆ ನಿದ್ದೆ ಬೇಕಾಗೇ ಇಲ್ಲ’ ಅಂತ ನಗುತ್ತಿದ್ದಳು. ಏಳನೇ ದಿನ ಆಶಾ ಕಾರ್ಯಕರ್ತೆ ಬಂದರು. ಮಗುವಿನ ತೂಕ ನೋಡಿದರು, ಮೈಬಿಸಿ ನೋಡಿದರು, ಹೊಕ್ಕುಳು ನೋಡಿದರು. ‘ಬಾಣಂತಿ ಹೆಂಗದಾಳೆ?’ ಅಂದಿದ್ದಕ್ಕೆ ಅವ್ವನೇ ಉತ್ತರ ಕೊಟ್ಟಳು: ‘ಎಲ್ಲಾ ಚೆನ್ನಾಗೈತವ್ವ.’ ಅಷ್ಟು ಹೊತ್ತಿಗೆ ಅಕ್ಕ ಎರಡು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ. ಆ ದಿನ ನಾವು ಮುಚ್ಚಿಟ್ಟೆವು ಎಂಬುದನ್ನು ಬರೆಯಲೇಬೇಕು. ಆಸ್ಪತ್ರೆಯ ಮೇಲೆ ದೂರು ಹೇಳುವ ಮುಂಚೆ ನಮ್ಮ ಮನೆಯ ಲೆಕ್ಕವನ್ನೂ ಒಪ್ಪಿಸಬೇಕಲ್ಲ.

ಎಂಟನೇ ದಿನ ಅವಳು ಮಗುವನ್ನು ಎತ್ತಿಕೊಳ್ಳಲು ಒಪ್ಪಲಿಲ್ಲ. ‘ಇದು ನನ್ನ ಮಗು ಅಲ್ಲ, ಆಸ್ಪತ್ರೆಯಲ್ಲೇ ಬದಲಾಯಿಸಿದ್ದಾರೆ’ ಅಂದಳು. ಒಮ್ಮೆ ಅಳು, ಒಮ್ಮೆ ನಗು, ನಡುವೆ ಯಾರದೋ ಜೊತೆ ಪಿಸುಮಾತು. ಅಜ್ಜಿ ನೋಡಿದ ತಕ್ಷಣ ಹೇಳಿಬಿಟ್ಟಳು: ‘ಬಾಣಂತಿ ಸನ್ನಿ ಕಣವ್ವ ಇದು. ನಮ್ಮತ್ತಿಗೂ ಹಿಂಗೇ ಆಗಿತ್ತು.’ ಅಜ್ಜಿಯ ರೋಗ ಪತ್ತೆ ಸರಿಯಾಗೇ ಇತ್ತು. ಮದ್ದು ಮಾತ್ರ ಬೇರೆ. ಎರಡು ದಿನ ದೇವರ ಹೇಳಿಕೆ, ತಾಯತ, ನಿಂಬೆಹಣ್ಣು ಅಂತ ಕಳೆದೆವು.

‘ಬಾಣಂತಿ ಸನ್ನಿ’ ಅನ್ನುವ ಈ ಮಾತಿನ ಬಗ್ಗೆ ಸ್ವಲ್ಪ ನಿಲ್ಲಬೇಕು ಅನಿಸುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೊಂದು ಹೆಸರು ಇದೆ ಅಂದರೆ, ತಲೆಮಾರುಗಳಿಂದ ನಮ್ಮ ಹಳ್ಳಿಗಳ ಹೆಂಗಸರು ಇದನ್ನು ನೋಡಿದ್ದಾರೆ ಅಂತಲೇ ಅರ್ಥ. ವೈದ್ಯರು ಇದನ್ನು ಪೋಸ್ಟ್‌ಪಾರ್ಟಮ್ ಸೈಕೋಸಿಸ್ ಎನ್ನುತ್ತಾರೆ. ಸಾವಿರ ಹೆರಿಗೆಗೆ ಒಬ್ಬರು ಅಥವಾ ಇಬ್ಬರಿಗೆ ಬರುತ್ತದೆ. ಬಹುತೇಕ ಹೆರಿಗೆಯಾದ ಎರಡು ವಾರಗಳ ಒಳಗೇ ಕಾಣಿಸಿಕೊಳ್ಳುತ್ತದೆ. ಮೊದಲೇ ಬೈಪೋಲಾರ್ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ಹಾಗೆಂದು ಯಾವ ಹಿನ್ನೆಲೆಯೂ ಇಲ್ಲದ ನನ್ನ ಅಕ್ಕನಂಥವರಿಗೂ ಬರಬಹುದು. ಇದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ, ಹೃದಯಾಘಾತದ ಹಾಗೆ. ಒಳ್ಳೆಯ ಸುದ್ದಿ ಎಂದರೆ ಸರಿಯಾದ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಚೆನ್ನಾಗಿ ಗುಣವಾಗುತ್ತಾರೆ.

ಇದನ್ನು ಖಿನ್ನತೆಯ ಜೊತೆ ಬೆರೆಸಬಾರದು. ಬಾಣಂತಿಯರ ಖಿನ್ನತೆ ಇದಕ್ಕಿಂತ ಬಹಳ ವ್ಯಾಪಕ. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಅದು ಶೇ 22ರಷ್ಟು ತಾಯಂದಿರಲ್ಲಿ ಕಾಣಿಸುತ್ತದೆ. ಅಂದರೆ ಐವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಅವರಲ್ಲಿ ಬಹಳ ಜನರಿಗೆ ಮನೆಯವರ ಆಸರೆ, ಆಪ್ತಸಮಾಲೋಚನೆ, ಬೇಕಿದ್ದರೆ ಮಾತ್ರೆ ಸಾಕು. ಆಸ್ಪತ್ರೆಯ ಹಾಸಿಗೆ ಬೇಕಾಗುವುದು ತೀವ್ರವಾದಾಗ ಮಾತ್ರ. ನಾನು ಬರೆಯುತ್ತಿರುವುದು ಆ ಹಾಸಿಗೆಯ ಬಗ್ಗೆ.

ಹನ್ನೊಂದನೇ ದಿನ ಅಕ್ಕನನ್ನು ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಅಲ್ಲಿನ ಡಾಕ್ಟರು ಒಳ್ಳೆಯವರೇ. ಮೊದಲು ಕೇಳಿದ್ದೇ ‘ನೀರು ಎಷ್ಟು ಕೊಡ್ತಿದ್ದೀರಿ?’ ಅಂತ. ನಮ್ಮ ಕಡೆ ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಇದೆ. ಹೊಟ್ಟೆ ಬರುತ್ತದೆ, ನಂಜಾಗುತ್ತದೆ ಅನ್ನುವ ಭಯ. ಹೆರಿಗೆಯ ನಂತರ ಮೈಯಲ್ಲಿ ನೀರಿನಂಶ ಕಡಿಮೆಯಾದರೆ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ, ಅದರಿಂದಲೂ ಮಾತು ನಡವಳಿಕೆ ಬದಲಾಗಬಹುದು ಅಂತ ಆಮೇಲೆ ತಿಳಿಯಿತು. ಹಾಗಾಗಿ ತಲೆಯ ಸ್ಕ್ಯಾನ್, ರಕ್ತಪರೀಕ್ಷೆ, ಥೈರಾಯ್ಡ್ ಎಲ್ಲ ಮಾಡಿಸಿದರು. ಅದೆಲ್ಲ ಸರಿಯಿದೆ ಅಂದ ಮೇಲೆ ಮನೋವೈದ್ಯಕೀಯ ವಾರ್ಡಿಗೆ ಕಳಿಸಿದರು. ಅಲ್ಲಿಯವರೆಗೂ ಮಗು ನನ್ನ ಕೈಯಲ್ಲಿತ್ತು. ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ತಡೆದರು: ‘ಮಗೂಗೆ ಇಲ್ಲಿ ಜಾಗ ಇಲ್ಲಮ್ಮ. ಬೇರೆ ಪೇಷಂಟ್ಸ್ ಇದ್ದಾರೆ. ಇನ್‌ಫೆಕ್ಷನ್ ಆದ್ರೆ ಯಾರು ಹೊಣೆ?’

ಆಕೆಯ ಮಾತಿನಲ್ಲಿ ತಪ್ಪಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಹೆಂಗಸರಿದ್ದ ವಾರ್ಡದು. ಒಬ್ಬರು ಕಿರುಚುತ್ತಿದ್ದರು, ಇನ್ನೊಬ್ಬರು ಬಾಗಿಲ ಕಡೆ ಓಡುತ್ತಿದ್ದರು. ಅಲ್ಲಿ ಹಸುಗೂಸನ್ನು ಇಡು ಅಂತ ನಾನೂ ಹೇಳಲಾರೆ. ತಪ್ಪಿರುವುದು, ಇಂಥ ತಾಯಿ ಬಂದರೆ ಅವಳನ್ನು ಎಲ್ಲಿಡಬೇಕು ಅಂತ ಯಾರೂ ಯೋಚಿಸದೇ ಇದ್ದದ್ದರಲ್ಲಿ.

ನಾನು ಮಗುವಿನ ಜೊತೆ ಮನೆಗೆ ಬಂದೆ, ಅವ್ವ ಅಕ್ಕನ ಜೊತೆ ಉಳಿದಳು. ಎರಡನೇ ದಿನಕ್ಕೆ ಅಕ್ಕನ ಎದೆ ಕಲ್ಲಿನಂತಾಯಿತಂತೆ, ಜ್ವರ ಬಂತಂತೆ. ಅವ್ವ ಹಾಲನ್ನು ಸ್ಟೀಲ್ ಲೋಟಕ್ಕೆ ಹಿಂಡಿ ಬಚ್ಚಲಿಗೆ ಸುರಿಯುತ್ತಿದ್ದಳು. ಇಲ್ಲಿ ನಾನು ಡಬ್ಬಿ ಹಾಲಿನ ಪುಡಿಯನ್ನು ಎಷ್ಟು ಚಮಚಕ್ಕೆ ಎಷ್ಟು ನೀರು ಅಂತ ಡಬ್ಬಿ ಮೇಲಿನ ಅಕ್ಷರ ನೋಡಿ ಕಲಿಯುತ್ತಿದ್ದೆ. ವಾರದಲ್ಲಿ ಮಗುವಿಗೆ ಭೇದಿ ಹತ್ತಿ, ಅದನ್ನೂ ಬೇರೊಂದು ಆಸ್ಪತ್ರೆಗೆ ಸೇರಿಸಿದೆವು. ತಾಯಿ ಒಂದು ಕಡೆ, ಮಗು ಇನ್ನೊಂದು ಕಡೆ, ಎರಡಕ್ಕೂ ಡ್ರಿಪ್. ಭಾವ ಎರಡು ಆಸ್ಪತ್ರೆಗಳ ನಡುವೆ ಬೈಕಿನಲ್ಲಿ ಓಡಾಡುತ್ತಿದ್ದರು.

ಹತ್ತೊಂಬತ್ತು ದಿನದ ಮೇಲೆ ಅಕ್ಕ ವಾಪಸ್ಸು ಬಂದಳು. ಸನ್ನಿ ಇಳಿದಿತ್ತು, ಹಾಲು ಬತ್ತಿತ್ತು. ಮಗು ಅವಳ ಕೈಗೆ ಹೋದರೆ ಅಳುತ್ತಿತ್ತು, ನನ್ನ ಕೈಗೆ ಬಂದರೆ ಸುಮ್ಮನಾಗುತ್ತಿತ್ತು. ಎಷ್ಟೋ ತಿಂಗಳು ಅವಳು ತನ್ನ ಮಗಳನ್ನು ಎತ್ತಿಕೊಳ್ಳುವ ಮುಂಚೆ ನನ್ನನ್ನು ಕೇಳುತ್ತಿದ್ದಳು: ‘ಎತ್ಕೊಳ್ಳಲಾ?’ ಕಾಯಿಲೆಗೆ ಮಾತ್ರೆ ಇತ್ತು. ಈ ಪ್ರಶ್ನೆಗೆ ಇರಲಿಲ್ಲ.

ಹಾಗಾದರೆ ಬೇರೆ ದಾರಿ ಇದೆಯೇ? ಇದೆ, ಅದೂ ನಮ್ಮ ರಾಜ್ಯದಲ್ಲೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರ ಜುಲೈನಲ್ಲಿ ದೇಶದ ಮೊದಲ ತಾಯಿ–ಮಗು ಮನೋವೈದ್ಯಕೀಯ ಘಟಕ ಐದು ಹಾಸಿಗೆಗಳೊಂದಿಗೆ ಆರಂಭವಾಯಿತು. ಅದರ ಹಿಂದೆ ಇದ್ದವರು ಡಾ. ಪ್ರಭಾ ಚಂದ್ರ ಮತ್ತು ಅವರ ತಂಡ. ಅಲ್ಲಿ ತಾಯಿ ದಾಖಲಾದರೆ ಮಗುವೂ ಜೊತೆಗೇ ಇರುತ್ತದೆ. ತಾಯಿಗೆ ಔಷಧ ಕೊಡುವಾಗ ಹಾಲಿನ ಮೂಲಕ ಮಗುವಿಗೆ ಎಷ್ಟು ಹೋಗಬಹುದು ಎಂದು ನೋಡಿ ಆರಿಸುತ್ತಾರೆ. ತಾಯಿ ಮಗುವನ್ನು ನೋಡುವ ರೀತಿ, ಮಾತಾಡಿಸುವ ರೀತಿ, ಹಾಲೂಡಿಸುವ ರೀತಿ ಎಲ್ಲವೂ ಅಲ್ಲಿ ಚಿಕಿತ್ಸೆಯ ಭಾಗ.

ಈ ಕಲ್ಪನೆ ಬಂದದ್ದು ಇಂಗ್ಲೆಂಡಿನಿಂದ. 1948ರಲ್ಲಿ ಅಲ್ಲಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ ಡಾ. ಥಾಮಸ್ ಮೇನ್ ಎಂಬುವವರು ತಾಯಿಯ ಜೊತೆ ಮಗುವನ್ನೂ ಸೇರಿಸಿಕೊಳ್ಳಲು ಶುರುಮಾಡಿದರು. ಹೆರಿಗೆಯಾದ ವರ್ಷದೊಳಗೆ ಮಾನಸಿಕ ಕಾಯಿಲೆಗೆ ದಾಖಲಾಗಬೇಕಾದ ತಾಯಿಯನ್ನು ಇಂಥ ಘಟಕಕ್ಕೇ ಸೇರಿಸಬೇಕು ಎಂಬುದು ಈಗ ಅಲ್ಲಿನ ಅಧಿಕೃತ ಮಾರ್ಗಸೂಚಿ. ಆದರೆ ಅಲ್ಲಿನ ಘಟಕಗಳಿಗೆ ಶಿಶುಪಾಲಕರು, ವಿಶೇಷ ತರಬೇತಿಯ ನರ್ಸ್‌ಗಳು ಅಂತ ದೊಡ್ಡ ಸಿಬ್ಬಂದಿಯೇ ಬೇಕು, ಖರ್ಚೂ ಹೆಚ್ಚು. ನಿಮ್ಹಾನ್ಸ್ ಮಾಡಿದ ಜಾಣತನವೆಂದರೆ, ತಾಯಿ–ಮಗುವಿನ ಜೊತೆ ಮನೆಯ ಒಬ್ಬ ಹೆಂಗಸು ಉಳಿಯುವ ಏರ್ಪಾಟು ಮಾಡಿದ್ದು. ಅಮ್ಮನೋ ಅತ್ತೆಯೋ ಅಕ್ಕನೋ ಇರುತ್ತಾರೆ. ಬಾಣಂತನ ಮನೆಯಿಂದ ಆಸ್ಪತ್ರೆಗೆ ಸ್ಥಳಾಂತರವಾಗುತ್ತದೆ, ಅಷ್ಟೇ. ಇದರಿಂದ ಖರ್ಚು ಇಳಿಯಿತು. ಬಾಣಂತಿಗೆ ಏನಾಗಿದೆ ಎಂಬುದು ಮನೆಯವರಿಗೂ ಅರ್ಥವಾಯಿತು. ನನ್ನ ಅವ್ವ ಆ ಹತ್ತೊಂಬತ್ತು ದಿನ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಅವಳಿಗೆ ಯಾರೂ ಏನೂ ವಿವರಿಸಲಿಲ್ಲ.

ಆ ತಂಡ ತಮ್ಮ ಮೊದಲ ನಾಲ್ಕು ವರ್ಷದ ಅನುಭವವನ್ನು 2015ರಲ್ಲಿ ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಪ್ರಕಟಿಸಿದೆ. ಒಟ್ಟು 237 ತಾಯಿ–ಮಗು ಜೋಡಿಗಳು ದಾಖಲಾಗಿದ್ದವು. ಹೆಚ್ಚಿನವರು ನಾಲ್ಕು ವಾರದೊಳಗೇ ಸುಧಾರಿಸಿ ಮನೆಗೆ ಹೋದರು. ನನ್ನ ಕಣ್ಣು ನಿಂತದ್ದು ಇನ್ನೊಂದು ಸಂಖ್ಯೆಯ ಮೇಲೆ. ಬಂದಾಗ 87 ತಾಯಂದಿರು ಹಾಲೂಡಿಸುವುದನ್ನು ಪೂರ್ತಿ ನಿಲ್ಲಿಸಿದ್ದರು. ಅವರಲ್ಲಿ 75 ಮಂದಿ ಮತ್ತೆ ಹಾಲೂಡಿಸುವಂತಾದರು. ನಮ್ಮ ಮನೆಯ ಸ್ಟೀಲ್ ಲೋಟ ನೆನಪಾಯಿತು.

ಈಗ ಲೆಕ್ಕಕ್ಕೆ ಬರೋಣ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ಸುಲಭದ ಲೆಕ್ಕ. ಸಾವಿರಕ್ಕೆ ಒಂದರಿಂದ ಎರಡು ಅಂದರೆ, ಪ್ರತಿ ಒಂದು ಲಕ್ಷ ಹೆರಿಗೆಗೆ ನೂರರಿಂದ ಇನ್ನೂರು ಬಾಣಂತಿಯರಿಗೆ ಸನ್ನಿ. ಕರ್ನಾಟಕದಲ್ಲಿ ವರ್ಷಕ್ಕೆ ಹಲವು ಲಕ್ಷ ಹೆರಿಗೆಗಳಾಗುತ್ತವೆ. ಇದರ ಮೇಲೆ ತೀವ್ರ ಖಿನ್ನತೆಯವರು, ಮೊದಲಿನಿಂದಲೇ ಕಾಯಿಲೆ ಇದ್ದವರು. ಐದು ಹಾಸಿಗೆಯಲ್ಲಿ ಒಬ್ಬೊಬ್ಬರು ಮೂರು ವಾರ ಇದ್ದರೆ, ಒಂದು ದಿನವೂ ಖಾಲಿ ಬಿಡದಿದ್ದರೂ ವರ್ಷಕ್ಕೆ ತೊಂಬತ್ತು ದಾಟುವುದಿಲ್ಲ. ನಿಮ್ಹಾನ್ಸ್‌ಗೆ ಹೊರರಾಜ್ಯದವರೂ ಬರುತ್ತಾರೆ. ಉಳಿದವರೆಲ್ಲ ಎಲ್ಲಿಗೆ ಹೋಗುತ್ತಾರೆ? ಕೆಲವರು ನನ್ನ ಅಕ್ಕನ ಹಾಗೆ ಸಾಮಾನ್ಯ ವಾರ್ಡಿಗೆ, ಕೆಲವರು ದೇವಸ್ಥಾನಕ್ಕೆ. ಕೆಲವರು ತವರಿನ ಹಿಂದಿನ ಕೋಣೆಯಲ್ಲೇ ಉಳಿಯುತ್ತಾರೆ. ಕೆಲವರು ಕೆರೆ ಬಾವಿಗೆ ಬೀಳುತ್ತಾರೆ. ಬ್ರಿಟನ್ನಿನಲ್ಲಿ ತಾಯಂದಿರ ಪ್ರತಿ ಸಾವನ್ನೂ ಗೌಪ್ಯವಾಗಿ ಪರಿಶೀಲಿಸುವ ಪದ್ಧತಿಯಿದೆ. ಹೆರಿಗೆಯಾದ ಆರು ವಾರದಿಂದ ಒಂದು ವರ್ಷದ ಅವಧಿಯಲ್ಲಿ ತಾಯ್ತನಕ್ಕೆ ನೇರ ಸಂಬಂಧವಿರುವ ಸಾವುಗಳಿಗೆ ಆತ್ಮಹತ್ಯೆಯೇ ಪ್ರಮುಖ ಕಾರಣ ಎಂದು ಅಲ್ಲಿ ಗೊತ್ತಾಗಿದೆ. ನಮ್ಮಲ್ಲಿ ತಾಯಿ ಮರಣದ ಲೆಕ್ಕ 42 ದಿನಕ್ಕೆ ಮುಗಿಯುತ್ತದೆ. ಮೂರನೇ ತಿಂಗಳಲ್ಲಿ ಬಾವಿಗೆ ಬಿದ್ದವಳು ಪೊಲೀಸ್ ಠಾಣೆಯ ಕಡತಕ್ಕೆ ಹೋಗುತ್ತಾಳೆ, ಆರೋಗ್ಯ ಇಲಾಖೆಯ ಕಡತಕ್ಕಲ್ಲ.

ಶ್ರೀಮಂತ ದೇಶದಲ್ಲೂ ಇದು ತಾನಾಗಿ ನಡೆಯುವುದಿಲ್ಲ ಎಂಬುದಕ್ಕೆ ವೇಲ್ಸ್ ಸಾಕ್ಷಿ. ಅಲ್ಲಿದ್ದ ಒಂದೇ ಘಟಕ 2013ರಲ್ಲಿ ಮುಚ್ಚಿತು. ಮುಂದೆ ಎಂಟು ವರ್ಷ ಅಲ್ಲಿನ ತಾಯಂದಿರು ಮಗುವನ್ನು ಬಿಟ್ಟು ಸ್ಥಳೀಯ ವಾರ್ಡಿಗೆ ಸೇರಬೇಕಿತ್ತು, ಇಲ್ಲವೇ ಮನೆ ಬಿಟ್ಟು ಇಂಗ್ಲೆಂಡಿಗೆ ಹೋಗಬೇಕಿತ್ತು. ತಾಯಂದಿರೇ ದನಿ ಎತ್ತಿದ ಮೇಲೆ 2021ರಲ್ಲಿ ಆರು ಹಾಸಿಗೆಯ ಹೊಸ ಘಟಕ ಬಂತು. ವೇಲ್ಸ್‌ನ ಜನಸಂಖ್ಯೆ ನಮ್ಮ ಬೆಳಗಾವಿ ಜಿಲ್ಲೆಗಿಂತ ಕಡಿಮೆ ಎಂಬುದನ್ನು ನೆನಪಿಡಿ.

ಕಾನೂನಿಗೆ ಮರಳುತ್ತೇನೆ. ಸೆಕ್ಷನ್ 21(2) ಕುರುಡಾಗಿ ‘ಬೇರ್ಪಡಿಸಬೇಡಿ’ ಎನ್ನುವುದಿಲ್ಲ. ಮಗುವಿಗೆ ಅಪಾಯವಿದೆ ಎಂದು ಚಿಕಿತ್ಸೆ ನೀಡುವ ಮನೋವೈದ್ಯರಿಗೆ ಪರೀಕ್ಷೆಯಿಂದ ಅನಿಸಿದರೆ ತಾತ್ಕಾಲಿಕವಾಗಿ ಬೇರೆ ಇಡಬಹುದು. ಆಗಲೂ ಸಿಬ್ಬಂದಿಯ ಅಥವಾ ಮನೆಯವರ ಕಣ್ಗಾವಲಿನಲ್ಲಿ ತಾಯಿಗೆ ಮಗುವನ್ನು ನೋಡುವ ಅವಕಾಶ ಇರಬೇಕು. ಬೇರ್ಪಡಿಸಿದ ತೀರ್ಮಾನವನ್ನು ಹದಿನೈದು ದಿನಕ್ಕೊಮ್ಮೆ ಮರುಪರಿಶೀಲಿಸಬೇಕು. ಒಂದೇ ಸಮನೆ ಮೂವತ್ತು ದಿನ ದಾಟಿದರೆ ಸಂಬಂಧಪಟ್ಟ ಪ್ರಾಧಿಕಾರದ ಒಪ್ಪಿಗೆ ಬೇಕು. ಇದು ಮಾನಸಿಕ ರೋಗಿಗಳನ್ನು ದಾಖಲಿಸಿಕೊಳ್ಳುವ ಸಾಮಾನ್ಯ ಆಸ್ಪತ್ರೆಗಳಿಗೂ, ಖಾಸಗಿ ನರ್ಸಿಂಗ್ ಹೋಮ್‌ಗಳಿಗೂ ಅನ್ವಯ. ಅಕ್ಕನ ವಿಷಯದಲ್ಲಿ ಯಾವ ವೈದ್ಯರೂ ಮಗುವಿಗೆ ಅಪಾಯ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲಿಲ್ಲ. ತೀರ್ಮಾನಿಸಿದ್ದು ಜಾಗದ ಕೊರತೆ. ಎಂಟನೇ ದಿನದ ಅಕ್ಕನ ಸ್ಥಿತಿ ನೋಡಿದ್ದರೆ ಮೊದಲ ವಾರ ಬೇರೆ ಇಡುವುದೇ ಸರಿ ಎಂದು ವೈದ್ಯರು ಹೇಳುತ್ತಿದ್ದರೇನೋ, ನಾವೂ ಒಪ್ಪುತ್ತಿದ್ದೆವು. ಆದರೆ ಎರಡನೇ ವಾರ ಅವಳೇ ‘ಪಾಪು ಎಲ್ಲಿ?’ ಅಂತ ಕೇಳತೊಡಗಿದಾಗ, ದಿನಕ್ಕೆ ಒಂದು ಗಂಟೆ ತೋರಿಸುವ ಒಂದು ಕೋಣೆಯಾದರೂ ಇರಬೇಕಿತ್ತು.

ಪ್ರತಿ ಜಿಲ್ಲೆಯಲ್ಲೂ ನಿಮ್ಹಾನ್ಸ್ ಕಟ್ಟಿ ಎನ್ನುವ ಬೇಡಿಕೆ ನನ್ನದಲ್ಲ. ಅದು ಆಗುವ ಮಾತಲ್ಲ. ಆದರೆ ಮನೋವೈದ್ಯಕೀಯ ವಿಭಾಗವಿರುವ ಪ್ರತಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಎರಡು ಹಾಸಿಗೆಯ ಒಂದು ಕೋಣೆ, ತೊಟ್ಟಿಲು, ಬಿಸಿನೀರು, ಮನೆಯ ಹೆಂಗಸೊಬ್ಬರು ಮಲಗಲು ಜಾಗ, ಬಾಗಿಲಿಗೆ ಕಣ್ಣಿಡುವ ಒಬ್ಬ ನರ್ಸ್ ಇರಲು ಎಷ್ಟು ಕೋಟಿ ಬೇಕು? ಪ್ರಸೂತಿ ವಿಭಾಗವೂ ಮಕ್ಕಳ ವಿಭಾಗವೂ ಅದೇ ಆವರಣದಲ್ಲಿರುತ್ತವೆ. ಮೂರೂ ವಿಭಾಗದವರು ವಾರಕ್ಕೊಮ್ಮೆ ಒಟ್ಟಿಗೆ ಆ ಕೋಣೆಗೆ ಬಂದರೆ ಸಾಕು. ಕಷ್ಟವಿರುವುದು ಕಟ್ಟಡದಲ್ಲಲ್ಲ, ಜನರಲ್ಲಿ. ಮನೋವೈದ್ಯಕೀಯ ನರ್ಸ್‌ಗಳು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ನಮ್ಮಲ್ಲಿ ಬಹಳ ಕಡಿಮೆ. ಈ ಪುಟ ಓದುವ ನರ್ಸಿಂಗ್, ಎಂಎಸ್‌ಡಬ್ಲ್ಯು, ಸೈಕಾಲಜಿ ವಿದ್ಯಾರ್ಥಿಗಳು ಇದನ್ನು ಗಮನಿಸಿ. ಕೆಲಸ ಹುಡುಕುವವರ ಸಾಲು ಉದ್ದವಿದೆ ಎನ್ನುತ್ತೇವೆ, ಇಲ್ಲಿ ಹುದ್ದೆ ತುಂಬುವವರೇ ಇಲ್ಲ. ಹುದ್ದೆ ಮಂಜೂರು ಮಾಡುವ ಸರ್ಕಾರಕ್ಕೂ ಈ ಮಾತು ತಲುಪಬೇಕು, ಅದು ಬೇರೆ.

ಇನ್ನೊಂದು ಕೆಲಸಕ್ಕೆ ಹಣವೇ ಬೇಡ. ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹೆರಿಗೆಯಾದ ಪ್ರತಿ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗುತ್ತಾರೆ. ಆರು ಭೇಟಿ! ಇಂಥ ಜಾಲ ಎಷ್ಟು ದೇಶಗಳಲ್ಲಿದೆ? ಬಾಣಂತಿಯ ಖಿನ್ನತೆ ಅಳೆಯುವ ಎಡಿನ್‌ಬರೊ ಮಾಪಕದಲ್ಲಿ ಇರುವುದು ಹತ್ತೇ ಪ್ರಶ್ನೆ, ಅದರ ಕನ್ನಡ ರೂಪವೂ ಸಿದ್ಧವಿದೆ. ಪೂರ್ತಿ ಹತ್ತು ಬೇಡ, ‘ಮಗು ಮಲಗಿದಾಗ ನಿಮಗೆ ನಿದ್ದೆ ಬರುತ್ತಾ?’ ಎಂಬ ಒಂದು ಪ್ರಶ್ನೆಯನ್ನು ತಾಯಿಯ ಕಣ್ಣಿಗೆ ಕಣ್ಣಿಟ್ಟು, ಅತ್ತೆಯೋ ಅಮ್ಮನೋ ಉತ್ತರ ಕೊಡದ ಹಾಗೆ ಕೇಳಿದ್ದರೂ ಏಳನೇ ದಿನವೇ ನಮಗೆ ಎಚ್ಚರವಾಗುತ್ತಿತ್ತು. ಟೆಲಿ–ಮಾನಸ್ ಸಹಾಯವಾಣಿ ಶುರುವಾದದ್ದು ಅಕ್ಕ ಆಸ್ಪತ್ರೆಯಿಂದ ಬಂದ ಮೇಲೆ, 2022ರ ಅಕ್ಟೋಬರ್‌ನಲ್ಲಿ. ಸಂಖ್ಯೆ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾಯಿ ಕಾರ್ಡಿನ ಹಿಂಬದಿಗೆ ಇದನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿದರೆ ಹೇಗೆ ಅಂತ ನಾನು ಯೋಚಿಸುತ್ತಿರುತ್ತೇನೆ.

‘ಇಷ್ಟು ಕಡಿಮೆ ಜನರಿಗೆ ಬರುವ ಕಾಯಿಲೆಗೆ ಇಷ್ಟೆಲ್ಲ ಯಾಕೆ? ರಕ್ತಹೀನತೆಯಿಂದ ಸಾಯುವ ಬಾಣಂತಿಯರನ್ನು ಮೊದಲು ನೋಡಿ’ ಅಂತ ನನ್ನ ಗೆಳತಿಯೊಬ್ಬಳು ವಾದಿಸಿದಳು. ನ್ಯಾಯವಾದ ಮಾತೇ. ಆದರೆ ನೋಡಬೇಕಾದ ತಾಯಿ ಒಬ್ಬಳೇ, ಹೋಗುವ ಆಶಾ ಒಬ್ಬರೇ, ಆಸ್ಪತ್ರೆಯೂ ಒಂದೇ. ರಕ್ತ ನೋಡಲು ಬಂದವರು ಮನಸ್ಸನ್ನೂ ನೋಡಲಿ ಎಂದಷ್ಟೇ ನಾನು ಕೇಳುತ್ತಿರುವುದು. ನಾವಿಬ್ಬರೂ ಇನ್ನೂ ಒಪ್ಪಂದಕ್ಕೆ ಬಂದಿಲ್ಲ.

ಈಗ ಮಗಳಿಗೆ ಮೂರು ತುಂಬಿದೆ. ಅಕ್ಕನಿಗೆ ಇನ್ನೊಂದು ಮಗು ಬೇಕೆಂಬ ಆಸೆ. ಅವ್ವನಿಗೆ ಭಯ. ಭಯಕ್ಕೆ ಕಾರಣವಿದೆ, ಒಮ್ಮೆ ಸನ್ನಿ ಬಂದವರಿಗೆ ಮುಂದಿನ ಹೆರಿಗೆಯಲ್ಲೂ ಮರುಕಳಿಸುವ ಸಾಧ್ಯತೆ ಗಣನೀಯವಾಗಿರುತ್ತದೆ. ಆದರೆ ಮೊದಲೇ ಗೊತ್ತಿದ್ದರೆ ಗರ್ಭ ಧರಿಸುವ ಮುಂಚೆಯೇ ವೈದ್ಯರ ಜೊತೆ ಕೂತು, ಯಾವ ಔಷಧ, ಯಾವಾಗ, ರಾತ್ರಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ತಾಯಿಗೆ ನಿದ್ದೆ ಹೇಗೆ ಕೊಡಿಸಬೇಕು ಎಂದೆಲ್ಲ ಯೋಜನೆ ಹಾಕಬಹುದು. ಅದೇ ಕಾಯ್ದೆಯ ಸೆಕ್ಷನ್ 5ರಲ್ಲಿ ‘ಮುಂಗಡ ನಿರ್ದೇಶನ’ ಎಂಬ ಹಕ್ಕೂ ಇದೆ. ಮುಂದೆ ಕಾಯಿಲೆ ಬಂದರೆ ನನ್ನನ್ನು ಹೇಗೆ ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬಾರದು, ನನ್ನ ಪರವಾಗಿ ಯಾರು ಮಾತಾಡಬೇಕು ಎಂದು ಆರೋಗ್ಯವಾಗಿರುವಾಗಲೇ ಬರೆದಿಡಬಹುದು. ನಾನು ಅದರ ಬಗ್ಗೆ ಹೇಳಿದಾಗ ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಪರವಾಗಿ ಮಾತಾಡುವವರ ಜಾಗದಲ್ಲಿ ನನ್ನ ಹೆಸರು ಹಾಕಲಾ ಅಂತ ಕೇಳಿದಳು.

ಬರುವ ಸೋಮವಾರ ಅಕ್ಕ, ಭಾವ, ನಾನು ಮೂವರೂ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದೇವೆ. ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಅಕ್ಕ ಮಗಳ ಡ್ರಾಯಿಂಗ್ ಪುಸ್ತಕದ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಒಟ್ಟು ಹನ್ನೊಂದು ಪ್ರಶ್ನೆ. ಮೊದಲನೆಯದು: ಮತ್ತೆ ಹಾಗಾದರೆ ಮಗು ನನ್ನ ಜೊತೆಗೇ ಇರಬಹುದಾ?